ಐವತ್ತಮೂರು ಬೆರಳು

ಆ ದಿನ ಬೆಳಿಗ್ಗೆ ಹಿಂದೂಪುರದ ಮೇಲೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಮಂಡಿಗೆ ಹೋಗುವ ಬೆಲ್ಲದ ಗಾಡಿಗಳ ಗಂಟೆ ಕೇಳುತ್ತಿತ್ತೇ ಹೊರತು ಗಾಡಿ ಕಾಣುತ್ತಿರಲಿಲ್ಲ. ಸಂಕ್ರಾಂತಿಗೆ ಇನ್ನು ನಾಲ್ಕು ದಿನವಿತ್ತು. ಹೆಂಚಿನ ಅಂಚಿನಿಂದ ಹನಿ ತೊಟ್ಟಿಕ್ಕಿ ಜಗಲಿಯ ಕಲ್ಲು ತೋಯ್ದಿತ್ತು. ತಿಪ್ಪೇರುದ್ರಪ್ಪ ಲಿಂಗಪೂಜೆ ಮುಗಿಸಿ, ಕಂಬಳಿ ಹೊದ್ದು ಪಡಸಾಲೆಯ ಬಾಗಿಲಿಗೆ ಬಂದು ನಿಂತಾಗ ಮಂಜಿನೊಳಗಿಂದ ಒಬ್ಬ ಮನುಷ್ಯ ಮೆಟ್ಟಿಲ ತನಕ ಬಂದು ಚೀಲ ಇಳಿಸಿದ.

“ಶರಣು ಸೌಕಾರ್ರೇ. ಕಲ್ಯಾಣದುರ್ಗದಿಂದ ಬಂದೆ. ನಿಮ್ಮ ಬೀಗರು ಲಿಂಗಣ್ಣೋರು ಕಳ್ಸಿದ್ರು. ನಾನು ಬಡಗಿ, ನಾರಪ್ಪ ಅಂತ.”

ಬಡಗಿ ಎಂಬ ಮಾತು ಒಳಗಿದ್ದ ವೀರಭದ್ರಮ್ಮನ ಕಿವಿಗೆ ಬಿತ್ತು. ಆ ಮಾತಿಗಾಗಿ ಆಕೆ ಐದು ವರ್ಷ ಕಾದಿದ್ದಳು. ಮಗ ರೇವಣಪ್ಪನ ಮದುವೆಯಲ್ಲಿ ಹೆಣ್ಣಿನ ತಂದೆ ಲಿಂಗಣ್ಣ ಹತ್ತು ಜನರ ಮುಂದೆ ಒಪ್ಪಿಕೊಂಡದ್ದು ಎರಡು ವಸ್ತು, ಒಂದು ಹಿತ್ತಾಳೆ ಹಂಡೆ ಮತ್ತು ಒಂದು ಮಂಚ. ಹಂಡೆ ಸೊಸೆಯ ಜೊತೆಯಲ್ಲೇ ಬಂತು. ಮಂಚ ಬರಲಿಲ್ಲ. ಮೊದಲು ಮರ ಸಿಕ್ಕಲಿಲ್ಲ ಅಂದರು. ಆಮೇಲೆ ಬಡಗಿಗಳೆಲ್ಲ ಯುದ್ಧದ ಸಾಮಾನಿಗೆ ಮರದ ಪೆಟ್ಟಿಗೆಗಳನ್ನು ಮಾಡಲು ಹೋದರು ಅಂದರು. ಈಗ ಯುದ್ಧವೂ ಮುಗಿದಿತ್ತು.

ವೀರಭದ್ರಮ್ಮ ಬಿಸಿ ರೊಟ್ಟಿ, ಹಿತಕಿದ ಅವರೆಯ ಸಾರು ತಂದು ನಾರಪ್ಪನ ಮುಂದಿಟ್ಟಳು. ಬೆಣ್ಣೆಯನ್ನೂ ಇಟ್ಟಳು.

“ತಿನ್ನಪ್ಪ, ದೂರದಿಂದ ಬಂದಿದೀಯ. ಮರ ಯಾವುದು?”

“ಬಾಗೆ ಮರ ಕಣಮ್ಮ. ಅವರ ಹೊಲದ ಬದೂದು. ಕೊಯ್ಸಿ ಆರು ತಿಂಗಳಾತು, ಚೆನ್ನಾಗಿ ಒಣಗೈತೆ.”

“ಅಗಲವಾಗೇ ಮಾಡು. ಇಬ್ರು ಮಲಗೋದು.”

ನಾರಪ್ಪ ರೊಟ್ಟಿ ಮುರಿಯುತ್ತ ತಲೆಯೆತ್ತಿದ. “ಮೇಜಿನ ಮೇಲೆ ಯಾಕಮ್ಮ ಮಲಗ್ತಾರೆ?”

“ಯಾವ ಮೇಜು?”

“ಬರೆಯೋ ಮೇಜು. ವಾಡೆಗೂ ಗೋಡೆಗೂ ನಡುವೆ ಸಂದಿದ್ಯಂತಲ್ಲ, ಅದ್ರೊಳಗೆ ಕೂರೋ ಅಂಥದ್ದು. ನಿಮ್ಮ ಸೊಸೆಯಮ್ಮ ಕಾಗದ ಬರ್ದಿದ್ರಂತೆ.”

ವೀರಭದ್ರಮ್ಮ ಬೆಣ್ಣೆಯ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು.

ಒಳಗೆ ದ್ರಾಕ್ಷಾಯಣಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಅತ್ತೆ ಬಂದು ನಿಂತದ್ದು ಕಂಡರೂ ಕೈ ನಿಲ್ಲಿಸಲಿಲ್ಲ.

“ಮಂಚದ ಮರಾನ ಮೇಜು ಮಾಡ್ಸೋಕೆ ನಿಂಗೆ ಯಾರೇ ಹೇಳಿದ್ದು?”

“ನಾನೇ ಕೇಳ್ದೆ ಅತ್ತೆ. ಮಂಚ ಆಮೇಲೆ ಕೊಡ್ತಾರೆ. ಪರೀಕ್ಷೆ ಕಾಯಲ್ಲ.”

“ಐದು ವರ್ಷ ಆತು ನೀನು ಈ ಮನೆಗೆ ಬಂದು. ಚಾಪೆ ಮೇಲೆ ಮಲಗಿದ್ರೆ ಮೊಮ್ಮಗು ಎಲ್ಲಿಂದ ಬತ್ತದೆ? ಮೇಜಿನ ಮೇಲೆ ಹೆರ್ತೀಯಾ?”

ದ್ರಾಕ್ಷಾಯಣಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿದಳು. “ಊರಲ್ಲಿ ಎಷ್ಟು ಜನ ಚಾಪೆ ಮೇಲೆ ಮಲಗಿ ಹೆತ್ತವ್ರೆ, ಎಣಿಸ್ಕೊಂಡು ಬರ್ಲಾ ಅತ್ತೆ?”

ಈ ಪರೀಕ್ಷೆಯ ಮಾತು ಆ ಮನೆಗೆ ದಸರೆಯ ಹೊತ್ತಿಗೇ ಬಂದಿತ್ತು. ಪೇಟೆಯ ಹೆಣ್ಣುಮಕ್ಕಳ ಸ್ಕೂಲಿನ ಹೆಡ್‌ಮಾಸ್ಟರ್ ಕೇಶವಯ್ಯ ರೇವಣಪ್ಪನಿಗೆ ಪರಿಚಯದವರು. ಚಿಕ್ಕ ಮಕ್ಕಳಿಗೆ ಪಾಠ ಹೇಳಲು ಮನೆಯಲ್ಲಿ ಕನ್ನಡ ಆಡುವ, ತೆಲುಗು ಬರೆಯುವ ಹೆಂಗಸೊಬ್ಬಳು ಬೇಕು, ಎಂಟನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಪಾಸಾಗಿದ್ದರೆ ಸಾಕು ಅಂದಿದ್ದರು. ದ್ರಾಕ್ಷಾಯಣಮ್ಮ ಏಳರ ತನಕ ಓದಿದವಳು. ಏಪ್ರಿಲ್‌ನ ಪರೀಕ್ಷೆಗೆ ಖಾಸಗಿಯಾಗಿ ಕೂರಲಿ, ಜೂನ್ ತನಕ ಆ ಕೆಲಸಕ್ಕೆ ಬೇರೆಯವರನ್ನು ಹಾಕುವುದಿಲ್ಲ ಎಂದು ಕೇಶವಯ್ಯ ಮಾತು ಕೊಟ್ಟಿದ್ದರು. ರೇವಣಪ್ಪ ಅಪ್ಪನಿಗೆ ಹೇಳದೆ ಅರ್ಜಿಗೆ ರುಜು ಹಾಕಿದ್ದ.

ಓದಲು ಮನಸ್ಸಿತ್ತು, ಬೆಳಕಿರಲಿಲ್ಲ. ಸೀಮೆಎಣ್ಣೆ ಕೂಪನ್ನಿನ ಮೇಲೆ ಬರುತ್ತಿತ್ತು, ಲಾಟೀನು ಅತ್ತೆಯ ಕೈಯಲ್ಲಿತ್ತು. ಪಡಸಾಲೆಯಲ್ಲಿ ಬೆಳಕಿತ್ತು, ಅಲ್ಲಿ ಗಂಡಸರು ಕೂರುತ್ತಿದ್ದರು. ಅಡಿಗೆಮನೆಯಲ್ಲಿ ಹೊಗೆ. ಉಳಿದದ್ದು ನಡುಮನೆಯ ಒಂದೇ ಒಂದು ಕಿಟಕಿ. ಅದರ ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ರಾಗಿ ತುಂಬಿಡುವ ಆಳೆತ್ತರದ ವಾಡೆ. ಕಿಟಕಿ ಎದೆಮಟ್ಟಕ್ಕಿತ್ತು. ನೆಲದಲ್ಲಿ ಕೂತರೆ ವಾಡೆಯ ನೆರಳೇ ಪುಸ್ತಕದ ಮೇಲೆ ಬೀಳುತ್ತಿತ್ತು. ಒಂದು ಸ್ಟೂಲು, ಅದರ ಮುಂದೆ ಆ ಸಂದಿಗೆ ಸರಿಯಾದ ಒಂದು ಮೇಜು ಇದ್ದರೆ ಶಿವನು ಕೊಟ್ಟ ಬಿಸಿಲಿಗೆ ಯಾರ ಕೂಪನ್ನೂ ಬೇಕಿರಲಿಲ್ಲ.

ತಿಪ್ಪೇರುದ್ರಪ್ಪ ನಡುಮನೆಗೆ ಬಂದು ಹೆಂಡತಿಯ ದೂರು ಕೇಳಿದ. ಮಗನನ್ನು ಕರೆದ.

“ಏನ್ಲಾ ರೇವಣ, ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತಪ್ಪ.”

“ಹೆಂಡ್ತಿ ದುಡ್ಕೊಂಡು ತಂದು ಹಾಕ್ಲಿ ಅಂತ ಕಾಯ್ತಿದೀಯ?”

ರೇವಣಪ್ಪ ಗೋಡೆ ನೋಡುತ್ತ ನಿಂತ. ಬೆಲ್ಲದ ಮಂಡಿಯಲ್ಲಿ ಗುಮಾಸ್ತನಾಗಿ ದಿನವೆಲ್ಲ ಬೇರೆಯವರ ಕೂಗು ಕೇಳಿ, ಮನೆಗೆ ಬಂದರೆ ಮಾತು ಹುಡುಕಿದರೂ ಸಿಕ್ಕದ ಮನುಷ್ಯ ಅವನು.

“ಬೀಗರ ಮನೆ ಮರ ಬಾಗಿಲಿಂದ ಅಟ್ಟಿದ್ರು ಅಂತ ನಂಗೆ ಹೆಸರು ಬರೋದು ಬೇಡ,” ಎಂದ ತಿಪ್ಪೇರುದ್ರಪ್ಪ, ಸಂದು ಅಳೆಯಲು ಒಳಗೆ ಬಂದಿದ್ದ ನಾರಪ್ಪನ ಕಡೆ ತಿರುಗಿ. “ಮಾಡ್ಕೊಂಡು ಬರ್ಲಿ. ಆದ್ರೆ ಆಚಾರಿ, ನಿಮ್ಮ ಲಿಂಗಣ್ಣನಿಗೆ ಹೇಳು, ಮೇಜು ಮಂಚ ಆಗಲ್ಲ. ಮಂಚದ ಬಾಕಿ ಬಾಕೀನೇ.”

“ಹೇಳ್ತೀನಿ. ಎಲ್ಲಿ ಸೌಕಾರ್ರೇ, ಬಲಗೈ ಕೊಡಿ.”

ನಾರಪ್ಪ ದಾರದಲ್ಲಿ ಸಂದನ್ನು ಅಳೆದು ಗಂಟು ಹಾಕಿಕೊಂಡಿದ್ದ. ಇನ್ನೊಂದು ದಾರವನ್ನು ತಿಪ್ಪೇರುದ್ರಪ್ಪನ ಮೊಣಕೈಯಿಂದ ನಡುಬೆರಳ ತುದಿಯ ತನಕ ಎಳೆದು ಅಲ್ಲೂ ಗಂಟು ಹಾಕಿದ. ಮನೆಯ ಯಜಮಾನನ ಮೊಳದಲ್ಲಿ ಅಳೆದೇ ಮರದ ವಸ್ತು ಮಾಡುವುದು ಅವನ ಪದ್ಧತಿ, ಲಿಂಗಣ್ಣನೂ ಹಾಗೇ ಹೇಳಿ ಕಳಿಸಿದ್ದ. ತಿಪ್ಪೇರುದ್ರಪ್ಪ ಆಳು ಎತ್ತರ, ತೋಳು ಉದ್ದ. ಕೈ ಚಾಚಿ ನಿಂತಾಗ ಅವನ ಸಿಟ್ಟು ಅರ್ಧ ಇಳಿಯಿತು.

*

ಕಲ್ಯಾಣದುರ್ಗದಲ್ಲಿ ನಾರಪ್ಪ ಲಿಂಗಣ್ಣನ ಅಂಗಳದ ನೆಲದ ಮೇಲೆ ಇದ್ದಿಲಿನಲ್ಲಿ ಲೆಕ್ಕ ಬರೆದ. ಲಿಂಗಣ್ಣ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಹೆಂಡತಿ ಪಂಪಮ್ಮ ಬಾಗಿಲ ಕಂಬಕ್ಕೆ ಒರಗಿ ಕಡ್ಲೆಕಾಯಿ ಸುಲಿಯುತ್ತಿದ್ದಳು.

“ನಿಮ್ಮ ಬೀಗರ ಮೊಳಕ್ಕೆ ಇಪ್ಪತ್ನಾಲ್ಕು ಬೆರಳು. ಸಂದು ಸರಿಯಾಗಿ ಎರಡು ಮೊಳ ಬಂತು, ನಲವತ್ತೆಂಟು ಬೆರಳು. ಅಗಲ ಇಪ್ಪತ್ತೈದು ಇಟ್ಕೊಂಡೆ. ಎರಡನ್ನೂ ಗುಣಿಸಿ ಎಂಟರಲ್ಲಿ ಭಾಗಿಸಿದ್ರೆ ಏನೂ ಉಳಿಯಲ್ಲ. ಉಳಿಯೋ ಎಣಿಕೇಲೇ ವಸ್ತುವಿನ ಆಯ, ಅದರ ಶುಭ ಅಶುಭ, ಗೊತ್ತಾಗೋದು. ಏನೂ ಉಳೀದಿದ್ರೆ ಕಾಕಾಯ. ಕಾಗೆ.”

“ಕಾಗೆ ಬೇಡಪ್ಪ,” ಅಂದಳು ಪಂಪಮ್ಮ. “ಮೊದಲೇ ಆ ಮನೇಲಿ ಕೂಗೋರು ಹೆಚ್ಚು.”

“ಐದು ಉಳಿದ್ರೆ ವೃಷಭಾಯ. ಬಸವ. ವ್ಯಾಪಾರದ ಮನೆಗೆ ಒಳ್ಳೇದು. ಅದಕ್ಕೆ ಉದ್ದ ಐವತ್ಮೂರು ಬೆರಳು ಮಾಡ್ಬೇಕು. ಐದು ಬೆರಳು ಹೆಚ್ಚಾಯ್ತದೆ.”

“ಕಡಿಮೆ ಮಾಡಿ ಸರಿಮಾಡೋಕೆ ಆಗಲ್ವಾ?” ಲಿಂಗಣ್ಣ ಕೇಳಿದ.

“ಆಯಕ್ಕೆ ಬೆಳೆಸ್ತಾರೆ, ಕತ್ತರಿಸಲ್ಲ. ನಮ್ಮಪ್ಪ ಹಂಗೇ ಮಾಡ್ದ, ಅವರಪ್ಪ ಹಂಗೇ ಮಾಡ್ದ.”

ಲಿಂಗಣ್ಣ ತನ್ನ ಮನೆಯ ಮೂಲೆಯ ಬಿದಿರಿನ ಕಣಜವನ್ನು ನೋಡಿದ. ಇಬ್ಬರು ಭುಜ ಕೊಟ್ಟರೆ ಅದು ಎತ್ತ ಬೇಕಾದರೂ ಸರಿಯುತ್ತಿತ್ತು.

“ಐದು ಬೆರಳು ತಾನೆ. ವಾಡೇನ ಅತ್ತ ನೂಕ್ತಾರೆ ಬಿಡು. ಬಸವನ್ನೇ ಕೂರ್ಸು.”

ನಾರಪ್ಪ ಹಿಂದೂಪುರದ ವಾಡೆಯನ್ನು ಕಣ್ಣಾರೆ ಕಂಡಿದ್ದ. ಆದರೆ ಅಂದು ಅವನ ಕಣ್ಣು ದಾರದ ಮೇಲಿತ್ತು, ಮನಸ್ಸು ಎತ್ತಿಕೊಂಡು ಹೋದ ಬೆಣ್ಣೆಯ ಮೇಲಿತ್ತು. ಅದು ಮಣ್ಣಿನದೋ ಬಿದಿರಿನದೋ ಎಂದು ನೆನಪು ಮಾಡಿಕೊಳ್ಳದೆ ಅವನು ಗರಗಸ ಎತ್ತಿಕೊಂಡ.

*

ಆ ವಾರಗಳಲ್ಲಿ ಹಿಂದೂಪುರದ ಮನೆಯಲ್ಲಿ ಒಂದು ಒಪ್ಪಂದ ನಡೆದಿತ್ತು. ಬೆಳಗಿನ ಜಾವ ರಾಗಿ ಬೀಸಿ, ನೀರು ತುಂಬಿ, ದನದ ಕೊಟ್ಟಿಗೆ ಬಳಿದು, ಮಧ್ಯಾಹ್ನದ ಮುದ್ದೆ ಕಟ್ಟಿ ಪಾತ್ರೆ ತೊಳೆದ ಮೇಲೆ, ದನ ಮನೆಗೆ ಬರುವ ತನಕದ ಹೊತ್ತು ದ್ರಾಕ್ಷಾಯಣಮ್ಮನದು. ಒಪ್ಪಂದ ಮಾಡಿಕೊಂಡವಳು ವೀರಭದ್ರಮ್ಮನೇ. ಮುರಿಯುತ್ತಿದ್ದವಳೂ ಅವಳೇ. ಸೊಸೆ ಪುಸ್ತಕ ತೆಗೆದ ಕೂಡಲೇ ಆಕೆಗೆ ಹುರುಳಿ ಆರಿಸುವುದು ನೆನಪಾಗುತ್ತಿತ್ತು, ಮೆಣಸಿನಕಾಯಿ ತೊಟ್ಟು ತೆಗೆಯುವುದು ನೆನಪಾಗುತ್ತಿತ್ತು.

“ಸಾರಿಗೆ ಉಪ್ಪಿಲ್ಲ,” ಎಂದು ಒಂದು ದಿನ ಊಟಕ್ಕೆ ಕೂತ ತಿಪ್ಪೇರುದ್ರಪ್ಪ ಹೇಳಿದ.

“ಉಪ್ಪು ಎಲ್ಲಿರ್ತದೆ? ಅದು ತೆಲುಗು ಪದ್ಯದೊಳಗೆ ಕೂತೈತೆ,” ಅಂದಳು ವೀರಭದ್ರಮ್ಮ.

“ಸಾರು ಇವತ್ತು ನೀವೇ ಮಾಡಿದ್ದು ಅತ್ತೆ.”

ರೇವಣಪ್ಪನಿಗೆ ನಗು ಬಂತು. ಅಪ್ಪ ನೋಡಿದ್ದಕ್ಕೆ ಅದನ್ನು ಮುದ್ದೆಯ ಜೊತೆ ನುಂಗಿದ.

ಶಿವರಾತ್ರಿ ಕಳೆದ ನಾಲ್ಕನೇ ದಿನ ಮೇಜು ಬಸ್ಸಿನ ಟಾಪಿನ ಮೇಲೆ ಬಂತು. ಪೆನುಗೊಂಡೆಯಲ್ಲಿ ಬಸ್ಸು ಬದಲಾಯಿಸುವಾಗ ಸುತ್ತಿದ ಗೋಣಿ ಹರಿದು ಒಂದು ಕಾಲು ಹೊರಗೆ ಚಾಚಿತ್ತು. ರೇವಣಪ್ಪ ಕೂಲಿಯವನ ಜೊತೆ ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿ ಗೋಣಿ ಬಿಚ್ಚಿದ. ಜೇನಿನ ಬಣ್ಣದ ಮರ. ಕೈಯಾಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಒಂದು ಸೆಳೆಪೆಟ್ಟಿಗೆ, ಅದನ್ನು ಹೊರಗೆಳೆಯಲು ಒಂದು ಹಿತ್ತಾಳೆಯ ಗುಂಡಿ. ದ್ರಾಕ್ಷಾಯಣಮ್ಮ ಸೆರಗಿನಿಂದ ಒಮ್ಮೆ ಒರೆಸಿ, ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿ ಗಂಡನಿಗೆ ಹಿಡಿಸಿ ನಡುಮನೆಗೆ ತಂದಳು.

ಮೇಜು ವಾಡೆಗೆ ತಾಗಿ ನಿಂತಿತು. ಓರೆ ಮಾಡಿದರು, ಎತ್ತಿ ಇಳಿಸಿದರು. ಐದು ಬೆರಳಿನಷ್ಟು ಹೊರಗೇ ಉಳಿಯಿತು.

ವೀರಭದ್ರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಕೆ ನಗುವುದು ಅಪರೂಪ. ಅಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಮಂಚ ಕೊಡೋಕೆ ಆಗಲಿಲ್ಲ, ಮೇಜಾದ್ರೂ ನೆಟ್ಟಗೆ ಕೊಟ್ರಾ ನಿಮ್ಮಪ್ಪ?”

“ವಾಡೆ ಇಷ್ಟು ಸರಿಸಿದ್ರೆ ಆಯ್ತದೆ ಅತ್ತೆ.”

“ವಾಡೆ ಸರಿಸ್ತೀಯಾ? ನನ್ನ ಅತ್ತೆ ಮೂರು ದಿನ ಮಣ್ಣು ತುಳಿದು ಅಲ್ಲೇ ಕಟ್ಟಿದ ವಾಡೆ ಅದು. ಅದರ ತುಂಬ ಮುಂದಿನ ಸುಗ್ಗಿ ತನಕದ ರಾಗಿ ಐತೆ. ಅಲುಗಿಸಿದ್ರೆ ಬಾಯಿ ಬಿಡ್ತದೆ. ಅನ್ನದ ವಾಡೆ ಒಡೆದು ಅಕ್ಷರ ತಿಂತೀರಾ ಗಂಡ ಹೆಂಡ್ತಿ?”

ದ್ರಾಕ್ಷಾಯಣಮ್ಮ ಮೇಜಿನಿಂದ ಕೈ ತೆಗೆದಳು. ರಾಗಿಯ ವಿಷಯದಲ್ಲಿ ಅತ್ತೆಯ ಮಾತು ನಿಜವಾಗಿತ್ತು.

ರೇವಣಪ್ಪ ಪಕ್ಕದ ಮನೆಯಿಂದ ಗರಗಸ ಕೇಳಿ ತಂದ. ಒಂದು ಪಕ್ಕ ಕೊಯ್ದುಬಿಡುತ್ತೇನೆ ಎಂದು ಮೇಜಿನ ಮೇಲೆ ಮೊಣಕಾಲೂರಿದ. ಅಷ್ಟರಲ್ಲಿ ತಿಪ್ಪೇರುದ್ರಪ್ಪ ಬಂದ.

“ಎತ್ತು ಕೈನ. ನನ್ನ ಮೊಳದಲ್ಲಿ ಆಯ ಕಟ್ಟಿ ಮಾಡಿರೋ ವಸ್ತು ಅದು. ಕತ್ತರಿಸಿದ್ರೆ ಯಾರ ಆಯುಸ್ಸು ಕತ್ತರಿಸ್ತೀಯ?”

“ಹಂಗಲ್ಲಪ್ಪ—”

“ಪಡಸಾಲೆಗೆ ತಂದಿಡು.”

ಮೇಜು ಪಡಸಾಲೆಗೆ ಹೋಯಿತು. ಮಾರನೆಯ ದಿನ ಅದರ ಮೇಲೆ ತಿಪ್ಪೇರುದ್ರಪ್ಪನ ಎಲೆಅಡಿಕೆಯ ತಟ್ಟೆ ಬಂತು. ಅದರ ಮುಂದಿನ ದಿನ ಕನ್ನಡಕದ ಡಬ್ಬಿ, ಪಂಚಾಂಗ. ಬೆಲ್ಲದ ದಲ್ಲಾಳಿಗಳು ಬಂದವರು ಮರವನ್ನು ತಟ್ಟಿ ನೋಡಿ, “ಮಂಚಿ ಪನಿ ಚೇಸಿನಾಡು, ಸೌಕಾರ್ರೇ,” ಬಡಗಿ ಒಳ್ಳೆ ಕೆಲಸ ಮಾಡಿದ್ದಾನೆ ಎಂದು ತೆಲುಗಿನಲ್ಲಿ ಹೊಗಳಿದರು. ತಿಪ್ಪೇರುದ್ರಪ್ಪ, “ನನ್ನ ಕೈಯಳತೇಲಿ ಮಾಡ್ಸಿದ್ದು,” ಎಂದು ಹೇಳಲು ಕಲಿತ. ಸೆಳೆಪೆಟ್ಟಿಗೆಯೊಳಗೆ ವೀರಭದ್ರಮ್ಮ ವಿಭೂತಿಗಟ್ಟಿ ಇಟ್ಟಳು.

ದ್ರಾಕ್ಷಾಯಣಮ್ಮ ವಾಡೆಯ ನೆರಳಲ್ಲಿ ನೆಲದ ಮೇಲೆ ಕೂತು, ತೊಡೆಯ ಮೇಲೆ ಮರದ ಮಣೆ ಇಟ್ಟುಕೊಂಡು ಓದುತ್ತಿದ್ದಳು. ಕಣ್ಣು ಉರಿದು ನೀರು ಸುರಿಯುತ್ತಿತ್ತು. ಕೇಶವಯ್ಯ ಕೊಟ್ಟ ಹಳೆಯ ಪ್ರಶ್ನೆಪತ್ರಿಕೆಯ ಸಣ್ಣ ಅಚ್ಚು ಅರ್ಧಕ್ಕರ್ಧ ಕಾಣುತ್ತಿರಲಿಲ್ಲ. ಎಂಟನ್ನು ಮೂರೆಂದು ಓದಿ ಬಡ್ಡಿಯ ಲೆಕ್ಕವನ್ನು ಎರಡು ಸಲ ತಪ್ಪು ಮಾಡಿದಳು. ಪರೀಕ್ಷೆಗೆ ಒಂದೂವರೆ ತಿಂಗಳು ಉಳಿದಿತ್ತು.

“ಹಿಂಗೇ ಆದ್ರೆ ನಾನು ಪಾಸಾಗಲ್ಲ,” ಅಂದಳು ಗಂಡನಿಗೆ, ಅವನಿಗೆ ನೀರು ಕೊಡುವಾಗ. “ನೀವು ರುಜು ಹಾಕಿದ್ದು ಆ ಅರ್ಜಿಗೆ. ಗೋಡೆ ನೋಡ್ಕೊಂಡು ನಿಂತ್ರೆ ರುಜು ಅಳಿಸಿಹೋಗಲ್ಲ.”

ರೇವಣಪ್ಪ ಆ ದಿನವೇ ಮಂಡಿಯಲ್ಲಿ ಕೂತು ಮಾವನಿಗೆ ಕಾಗದ ಬರೆದ. ಐದೇ ಸಾಲು ಬರೆದ. ಕೊನೆಯ ಸಾಲಿನಲ್ಲಿ, ಬಡಗಿಯನ್ನು ಕರೆದುಕೊಂಡು ನೀವೇ ಬರಬೇಕು, ನನ್ನ ಕೈಯಲ್ಲಿ ಆಗುವುದಿಲ್ಲ ಎಂದಿತ್ತು.

*

ಹೋಳಿ ಹುಣ್ಣಿಮೆಯ ಹಿಂದಿನ ದಿನ ಲಿಂಗಣ್ಣನೂ ನಾರಪ್ಪನೂ ಬಂದರು. ಪಂಪಮ್ಮ ಮಗಳಿಗೆಂದು ಹುರಿದ ಕಡ್ಲೆಕಾಯಿ, ಒಂದು ತೆಂಗಿನಕಾಯಿ, ವೀಳ್ಯದೆಲೆಯ ಕಟ್ಟು ಕಳಿಸಿದ್ದಳು. ಲಿಂಗಣ್ಣ ಪಡಸಾಲೆಯಲ್ಲಿ ಮೇಜಿನ ಮೇಲಿದ್ದ ಕನ್ನಡಕದ ಡಬ್ಬಿಯನ್ನು ನೋಡಿದ. ನೋಡದವನಂತೆ ಕೂತ.

“ಬನ್ನಿ ಬೀಗರೇ,” ಎಂದ ತಿಪ್ಪೇರುದ್ರಪ್ಪ. “ಮಂಚ ಬಸ್ಸಿನ ಮೇಲೈತಾ?”

“ಇಲ್ಲ. ಮೇಜು ಸರಿಮಾಡಿಸೋಕೆ ಬಂದೆ.”

“ಅದಕ್ಕೇನಾಗೈತೆ? ಚೆನ್ನಾಗೈತಲ್ಲ.”

ಊಟಕ್ಕೆ ಮುದ್ದೆ, ಹುರುಳಿ ಸಾರು. ವೀರಭದ್ರಮ್ಮ ಬೀಗನಿಗೆ ತುಪ್ಪ ಬಡಿಸಲಿಲ್ಲ. ನಾರಪ್ಪ ಉಂಡ ಕೂಡಲೇ ನಡುಮನೆಗೆ ಬಂದು ವಾಡೆಯನ್ನು ಬೆರಳಲ್ಲಿ ತಟ್ಟಿದ. ಮಣ್ಣಿನ ಸದ್ದು ಕೇಳಿ ಅವನ ಮುಖ ಇಳಿಯಿತು.

“ತಪ್ಪು ನಂದೇ,” ಅಂದ. “ಆದ್ರೆ ಕತ್ತರಿಸೋಕೆ ಆಗಲ್ಲ ತಾಯಿ. ಐವತ್ಮೂರು, ಇಪ್ಪತ್ತೈದು. ಆ ಎಣಿಕೆ ಕೆಟ್ರೆ ಬಸವ ಹೋಗಿ ಕಾಗೆ ಕೂರ್ತದೆ. ನನ್ನ ಉಳಿ ಆ ಪಾಪ ಮಾಡಲ್ಲ.”

ದ್ರಾಕ್ಷಾಯಣಮ್ಮ ಸ್ಲೇಟು ಹಿಡಿದು ಬಂದಳು. ಆ ಸಂದನ್ನು ಅವಳು ತನ್ನ ಕೈಯಿಂದಲೂ ಅಳೆದಿದ್ದಳು. ತನ್ನ ಮೊಳದ ಉದ್ದದ ನೂಲನ್ನು ಮಡಿಸಿ ಇಪ್ಪತ್ತನಾಲ್ಕು ಪಾಲು ಮಾಡಿಕೊಂಡಿದ್ದಳು.

“ಬೆರಳು ಅಂದ್ರೆ ಯಾರ ಬೆರಳು ಆಚಾರಿ?”

“ಯಜಮಾನ್ರ ಮೊಳದಲ್ಲಿ ಇಪ್ಪತ್ನಾಲ್ಕನೇ ಒಂದು ಪಾಲು.”

“ಈ ಸಂದು ಮಾವನ ಬೆರಳಲ್ಲಿ ನಲವತ್ತೆಂಟು. ನನ್ನ ಬೆರಳಲ್ಲಿ ಐವತ್ತೈದು. ನನ್ನ ಕೈ ಗಿಡ್ಡ.” ಅವಳು ತೋಳು ಗೋಡೆಗೆ ಇಟ್ಟು ತೋರಿಸಿದಳು. “ನನ್ನ ಬೆರಳಲ್ಲಿ ಐವತ್ಮೂರು, ಇಪ್ಪತ್ತೈದು ಮಾಡಿದ್ರೆ ಮೇಜು ಸಂದಿನೊಳಗೆ ಕೂರ್ತದೆ. ಆಚೆಗೊಂದು ಬೆರಳು, ಈಚೆಗೊಂದು ಬೆರಳು ಬಿಡ್ತದೆ. ಎಣಿಕೆ ಅದೇ. ಬಸವನೂ ಅಲ್ಲೇ ಇರ್ತಾನೆ.”

ನಾರಪ್ಪ ಸ್ಲೇಟು ಇಸಕೊಂಡು ನೋಡಿದ. ತುಟಿ ಅಲುಗಿಸುತ್ತ ಎರಡು ಸಲ ಗುಣಿಸಿದ.

“ಸರೀನೇ ಐತೆ,” ಅಂದ ಕೊನೆಗೆ. “ಕೈ ಬದಲಾದ್ರೆ ಆಯ್ತದೆ. ಆದ್ರೆ ಮೊಳ ಯಾರದೋ ವಸ್ತು ಅವರದು. ಇದು ಈ ತಾಯೀದು ಅಂತ ಮೊದಲು ಯಾರಾದ್ರೂ ಹೇಳ್ಬೇಕು. ಸೌಕಾರ್ರೇ, ಹೇಳ್ತೀರಾ?”

ಎಲ್ಲರೂ ತಿಪ್ಪೇರುದ್ರಪ್ಪನ ಕಡೆ ನೋಡಿದರು. ಅವನು ಕಂಬಕ್ಕೆ ಒರಗಿ ಅಡಿಕೆ ಕತ್ತರಿಸುತ್ತಿದ್ದ.

“ನನ್ನ ಸೂರಿನ ಕೆಳಗೆ ನಂದಲ್ಲದ ವಸ್ತು ಇಲ್ಲ ಕಣಪ್ಪ. ಇರೋದೂ ಇಲ್ಲ. ಸೊಸೆ ನಂದು, ಅವಳು ತಂದದ್ದೂ ನಂದು.”

“ಒಂದು ಮಾತು ಹೇಳಿ ಮಾವ,” ಅಂದಳು ದ್ರಾಕ್ಷಾಯಣಮ್ಮ. “ಮಾತಿಗೆ ಏನು ಹೋಯ್ತದೆ?”

“ಇವತ್ತು ಮೇಜು ನಂದು ಅಂತೀಯ. ನಾಳೆ ಸಂಬಳ ನಂದು ಅಂತೀಯ. ನಾಡಿದ್ದು ಏನಂತೀಯ?”

“ಹೇಳ್ಬೇಡಿ,” ಎಂದು ವೀರಭದ್ರಮ್ಮ ಗಂಡನಿಗೆ ಅಂದಳು. “ಹೆತ್ತವರ ಮನೆಯಿಂದ ಬಂದದ್ದು ಅತ್ತೆ ಮನೆ ಸೇರ್ತದೆ. ನನ್ನ ಹಂಡೆ, ನನ್ನ ಕೊಳಗ, ಯಾವುದು ನಂದಾಗಿ ಉಳೀತು? ನಾನು ಕೇಳಿದ್ನಾ?”

“ಕೇಳ್ಬೇಕಾಗಿತ್ತು ಅತ್ತೆ.”

“ನೋಡಿ, ನೋಡಿ ಬೀಗರೇ, ನಿಮ್ಮ ಮಗಳ ಬಾಯಿ.”

ಲಿಂಗಣ್ಣ ಅಲ್ಲಿಯ ತನಕ ತಲೆ ತಗ್ಗಿಸಿ ಕೂತಿದ್ದ. ಮಗಳನ್ನು ಕೊಟ್ಟ ಮನೆಯಲ್ಲಿ ದನಿ ಏರಿಸಬಾರದು ಎಂಬುದು ಅವನು ಚಿಕ್ಕಂದಿನಿಂದ ನೋಡಿ ಕಲಿತ ನಡತೆ. ಮೇಜಿಗೆ ಬೀಗರ ಕೈಯಳತೆ ಹಿಡಿ ಎಂದು ನಾರಪ್ಪನಿಗೆ ಹೇಳಿ ಕಳಿಸಿದ್ದವನೂ ಅವನೇ. ಮರ್ಯಾದೆಗೆಂದು ಹೇಳಿದ್ದ. ಆ ಮರ್ಯಾದೆ ಮಗಳನ್ನು ಕತ್ತಲಲ್ಲಿ ಕೂರಿಸಿತ್ತು. ಅವನು ಎದ್ದು ಪಡಸಾಲೆಗೆ ಹೋದ. ಮೇಜಿನ ಮೇಲಿನ ಕನ್ನಡಕದ ಡಬ್ಬಿ, ಪಂಚಾಂಗ, ಎಲೆಯ ತಟ್ಟೆ ಒಂದೊಂದನ್ನೇ ಎತ್ತಿ ಗೂಡಿನಲ್ಲಿಟ್ಟ. ಸೆಳೆಪೆಟ್ಟಿಗೆಯಿಂದ ವಿಭೂತಿಗಟ್ಟಿ ತೆಗೆದು ಕಣ್ಣಿಗೊತ್ತಿಕೊಂಡು ದೇವರ ಮುಂದಿಟ್ಟ.

“ಏನ್ ಮಾಡ್ತಿದೀರಿ?” ತಿಪ್ಪೇರುದ್ರಪ್ಪ ಹಿಂದೆಯೇ ಬಂದ.

“ಬೀಗರೇ, ನಮ್ಮ ಕಡೆ ಕೊಡೋ ವಸ್ತು ತಾಂಬೂಲ ಇಟ್ಟು ಕೊಡ್ತೀವಿ. ನಿಮ್ಮ ಕಡೇನೂ ಹಂಗೇ. ಹಂಡೇನ ಹಂಗೇ ಕೊಟ್ಟೆ, ನೀವು ಹಂಗೇ ಇಸ್ಕೊಂಡ್ರಿ. ಈ ಮೇಜು ಬಸ್ಸಲ್ಲಿ ಬಂತು. ತಾಂಬೂಲ ಇಟ್ಟು ನಾನು ಯಾರಿಗೂ ಇನ್ನೂ ಒಪ್ಪಿಸಿಲ್ಲ. ಅಂದ್ಮೇಲೆ ಇದು ಇವತ್ತಿನ ತನಕ ನನ್ನ ಮರ.”

ತಿಪ್ಪೇರುದ್ರಪ್ಪನ ಅಡಕತ್ತರಿ ನಿಂತಿತು. ಹತ್ತು ಜನರ ಪಂಚಾಯಿತಿ ಸೇರಿಸಿದರೂ ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಲಿಂಗಣ್ಣ ಪಂಪಮ್ಮ ಕಳಿಸಿದ ಎಲೆಯ ಕಟ್ಟು ಬಿಚ್ಚಿ, ಐದು ಎಲೆ, ಎರಡು ಅಡಿಕೆ, ತೆಂಗಿನಕಾಯಿ ಮೇಜಿನ ಮೇಲಿಟ್ಟ. “ಬಾರವ್ವ,” ಅಂದ. ದ್ರಾಕ್ಷಾಯಣಮ್ಮ ಸೆರಗು ಹೊದ್ದು ಬಂದಳು. “ಇದು ನಿಂಗೆ ಕೊಟ್ಟೆ. ಈ ಮನೇಗಲ್ಲ, ಅಳಿಯಂದಿರಿಗಲ್ಲ. ನಿಂಗೆ.”

ಅವಳು ಸೆರಗಿನಲ್ಲಿ ತಾಂಬೂಲ ಇಸಕೊಂಡಳು.

“ಸರಿ,” ಎಂದ ತಿಪ್ಪೇರುದ್ರಪ್ಪ. ದನಿ ತಣ್ಣಗಿತ್ತು. “ನನ್ನ ಮನೇಲಿ ನಿಂತು ನಂಗೆ ನ್ಯಾಯ ಹೇಳಿದ್ರಿ. ಈಗ ನಾನು ಕೇಳ್ತೀನಿ. ಹಂಡೆ, ಮಂಚ. ತಾಂಬೂಲ ಹಿಡ್ಕೊಂಡು ನುಡಿದದ್ದು ಎರಡು. ಮಂಚ ಯಾವಾಗ?”

“ಉಗಾದಿ ಕಳೆದ ತಿಂಗಳೊಳಗೆ.”

“ಮರ ಎಲ್ಲೈತೆ? ಬಾಗೆ ಮರ ಕಡಿದಾಯ್ತಲ್ಲ.”

“ತಂದುಕೊಡ್ತೀನಿ.”

“ಬರಲಿಲ್ಲ ಅಂದ್ರೆ ನಿಮ್ಮ ಮಗಳನ್ನ ಮೇಜಿನ ಸಮೇತ ಬಂದು ಕರ್ಕೊಂಡು ಹೋಗಿ.”

“ಬತ್ತದೆ ಬೀಗರೇ,” ಅಂದ ಲಿಂಗಣ್ಣ.

ರೇವಣಪ್ಪ ಬಾಗಿಲಲ್ಲಿ ನಿಂತಿದ್ದ. ಅವನು ಬಾಯಿ ತೆರೆದ. “ಅಪ್ಪ, ಅವಳು ಎಲ್ಲಿಗೂ ಹೋಗಲ್ಲ,” ಅಂದ. ಅಷ್ಟು ಹೇಳುವಷ್ಟರಲ್ಲಿ ಅವನ ಕಿವಿಗಳು ಕೆಂಪಾದವು. ತಿಪ್ಪೇರುದ್ರಪ್ಪ ಮತ್ತೆ ಅಡಿಕೆ ಕತ್ತರಿಸತೊಡಗಿದ.

ನಾರಪ್ಪ ಎರಡು ದಿನ ಹಿತ್ತಿಲಲ್ಲಿ ಕೆಲಸ ಮಾಡಿದ. ಕಾಲುಗಳ ಕೂಡಿಕೆ ಬಿಚ್ಚಿ, ದ್ರಾಕ್ಷಾಯಣಮ್ಮನ ಮೊಳದ ನೂಲು ಹಿಡಿದು ಗೆರೆ ಎಳೆದು, ಹಲಗೆಯನ್ನು ಎರಡು ಕಡೆಯಿಂದಲೂ ಕೊಯ್ದ. ಸೆಳೆಪೆಟ್ಟಿಗೆಯನ್ನೂ ಕಿರಿದು ಮಾಡಿದ. ಆ ಎರಡು ದಿನವೂ ವೀರಭದ್ರಮ್ಮ ಅವನಿಗೆ ತಂಗಳು ಮುದ್ದೆ ಹಾಕಿದಳು. ಅವನು ಕೊಯ್ದ ಚೂರುಗಳನ್ನು ಆಯ್ದು ಒಲೆಯ ಪಕ್ಕ ಒಟ್ಟಿ, “ಇದರಲ್ಲಿ ನಿಮಗೆ ನಾಲ್ಕು ದಿನದ ಅಡಿಗೆ ಆಯ್ತದೆ ಕಣಮ್ಮ,” ಅಂದ. ಆಕೆ ಒಂದು ಚೂರನ್ನೂ ಮುಟ್ಟಲಿಲ್ಲ.

*

ಮೇಜು ಸಂದಿನಲ್ಲಿ ಕೂತಿತು. ಅತ್ತ ಒಂದು ಬೆರಳು, ಇತ್ತ ಒಂದು ಬೆರಳು ಬಿಟ್ಟಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯ ಸರಳುಗಳ ನಡುವೆ ಬಂದು ಹಲಗೆಯ ಮೇಲೆ ಬೀಳುತ್ತಿತ್ತು. ಅಲ್ಲಿ ಕೂತವಳಿಗೆ ಎಂಟು ಎಂಟಾಗಿಯೇ ಕಾಣುತ್ತಿತ್ತು.

ಮನೆ ಮಾತ್ರ ತಣ್ಣಗಾಗಲಿಲ್ಲ. ಮಾವ ಸೊಸೆಯ ಕೈಯಿಂದ ನೀರು ಇಸಕೊಳ್ಳುವುದು ಬಿಟ್ಟ. ಏನು ಬೇಕಾದರೂ ಹೆಂಡತಿಯನ್ನು ಕರೆಯುತ್ತಿದ್ದ. ಅತ್ತೆ ದಿನಕ್ಕೆ ಮೂರು ಸಲ ವಾಡೆಯ ಬಾಯಿ ತೆಗೆದು ರಾಗಿ ನೋಡುತ್ತಿದ್ದಳು. ಹಾಗೆ ನೋಡುವಾಗ ಬೆಳಕಿಗೆ ಅಡ್ಡ ನಿಲ್ಲುತ್ತಿದ್ದಳು. ದ್ರಾಕ್ಷಾಯಣಮ್ಮ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದಳು. ಆಕೆ ಹೋದ ಮೇಲೆ ಮತ್ತೆ ಬರೆಯುತ್ತಿದ್ದಳು.

“ರಾಗಿ ಎಷ್ಟೈತೆ ಅತ್ತೆ?” ಎಂದು ಒಮ್ಮೆ ಕೇಳಿದಳು.

“ನಿಂಗ್ಯಾಕೆ? ನೀನು ಸಂಬಳದಲ್ಲಿ ಅಕ್ಕಿ ತಿನ್ನೋಳು.”

ಉಗಾದಿಯ ದಿನ ಬೇವು ಬೆಲ್ಲ ಹಂಚುವಾಗ ತಿಪ್ಪೇರುದ್ರಪ್ಪ ಎಲ್ಲರಿಗೂ ಕೇಳುವಂತೆ, “ಇವತ್ತಿಂದ ಒಂದು ತಿಂಗಳು,” ಅಂದ.

ಏಪ್ರಿಲ್‌ನಲ್ಲಿ ಪರೀಕ್ಷೆ ಬಂತು. ರೇವಣಪ್ಪ ಮಂಡಿಗೆ ರಜೆ ಹಾಕಿ ಅವಳನ್ನು ಕರೆದುಕೊಂಡು ಹೋದ. ಮೂರೂ ದಿನ ಸ್ಕೂಲಿನ ಹೊಂಗೆ ಮರದ ಕೆಳಗೆ ಕಾದು ಕೂತ. ಕೊನೆಯ ದಿನ ಹೊರಗೆ ಬಂದಾಗ ಅವಳ ಬೆರಳೆಲ್ಲ ಮಸಿಯಾಗಿತ್ತು.

“ಹೆಂಗಾಯ್ತು?”

“ಬರೆಯೋದೆಲ್ಲ ಬರೆದೆ. ಒಂದೂ ಬಿಡಲಿಲ್ಲ,” ಅಂದಳು.

ಅದಾದ ಐದನೆಯ ದಿನ ನಡುಮಧ್ಯಾಹ್ನ ಲಿಂಗಣ್ಣ ಬಂದ. ಕಡ್ಲೆಕಾಯಿ ಲಾರಿಯವನೊಬ್ಬ ಅವನನ್ನೂ ಅವನ ಹೊರೆಯನ್ನೂ ಬೀದಿಯ ತುದಿಯಲ್ಲಿ ಇಳಿಸಿ ಹೋಗಿದ್ದ. ನಾಲ್ಕು ಕಾಲು, ನಾಲ್ಕು ಪಟ್ಟಿ, ಹಗ್ಗದ ಸುರುಳಿಯನ್ನು ಅವನು ಮೂರು ಸಲ ನಡೆದು ಒಬ್ಬನೇ ಹೊತ್ತು ತಂದ. ಪಡಸಾಲೆಯಲ್ಲಿ ಕೂತು, ಕಲ್ಲಿನಿಂದ ಸಣ್ಣಗೆ ತಟ್ಟಿ ತಟ್ಟಿ ಮಂಚ ಜೋಡಿಸಿದ. ಹಗ್ಗ ಹೆಣೆದ. ನೀರು ಕೊಟ್ಟರೆ ಕುಡಿದ. ಊಟ ಬೇಡವೆಂದ.

ವೀರಭದ್ರಮ್ಮ ಬಂದು ಸುತ್ತ ನಡೆದು ನೋಡಿದಳು. ಪಟ್ಟಿಯ ಮೇಲೆ ಅಂಗೈ ಇಟ್ಟಳು. ಮರ ಸವೆದು ನುಣುಪಾಗಿತ್ತು.

“ಹಳೇದು,” ಅಂದಳು.

“ಹಳೇದೇ ಕಣಮ್ಮ. ತೇಗ. ನಮ್ಮಪ್ಪ ಮಾಡ್ಸಿದ್ದು. ಇನ್ನೂ ಎರಡು ತಲೆಮಾರು ಬತ್ತದೆ.”

ಮಾತು ಕೇಳಿ ದ್ರಾಕ್ಷಾಯಣಮ್ಮ ನಡುಮನೆಯಿಂದ ಬಂದಳು. ತಲೆಯ ಕಡೆಯ ಪಟ್ಟಿಯ ಒಳಗೆ ಸುಣ್ಣದ ಬೆರಳ ಗುರುತು ಸಾಲಾಗಿತ್ತು. ಅವ್ವ ಎಲೆ ಹಾಕಿಕೊಂಡು ಮಲಗುವ ಮುಂಚೆ ಬೆರಳು ಒರೆಸುತ್ತಿದ್ದ ಜಾಗ ಅದು. ಅವಳು ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು.

“ಅಪ್ಪಯ್ಯ, ಅವ್ವ ಎಲ್ಲಿ ಮಲಗ್ತಾಳೆ?”

“ಬೇಸಿಗೆ ಅಲ್ವೇನವ್ವ,” ಅಂದ ಲಿಂಗಣ್ಣ. “ನೆಲ ತಣ್ಣಗಿರ್ತದೆ.”

ವೀರಭದ್ರಮ್ಮ ಪಟ್ಟಿಯ ಮೇಲಿಂದ ಕೈ ತೆಗೆದಳು.

ಲಿಂಗಣ್ಣ ಹೆಗಲ ಮೇಲಿನ ಟವೆಲಿನ ಗಂಟು ಬಿಚ್ಚಿ ಎರಡು ಎಲೆ, ಒಂದು ಅಡಿಕೆ ತೆಗೆದ. ಬಿಸಿಲಿಗೆ ಎಲೆ ಬಾಡಿದ್ದವು. ಜೋಡಿಸುವಾಗ ಮಿಕ್ಕಿದ್ದ ಒಂದು ಮರದ ಬೆಣೆಯನ್ನೂ ಅದರ ಮೇಲಿಟ್ಟು, “ಕೂಡಿಕೆ ಸಡಿಲ ಆದ್ರೆ ಇದನ್ನ ಬಡಿದುಕೊಳ್ಳಿ ಬೀಗರೇ,” ಎಂದು ತಗ್ಗಿದ ದನಿಯಲ್ಲಿ ಹೇಳಿ, ಎಲ್ಲವನ್ನೂ ಬಾಗಿಲಲ್ಲಿ ನಿಂತಿದ್ದ ತಿಪ್ಪೇರುದ್ರಪ್ಪನ ಅಂಗೈಯಲ್ಲಿ ಇಟ್ಟ.